ಸುಮಿತ್ರಕ್ಕನ ಕೈಗುಣ

ಪ್ರೀತಿಯ ಸುಮಿತ್ರಕ್ಕಾ,

ಹ್ಯೂಸ್ಟನ್ ಬಳಿಯ ಮಿಸೌರಿ ಸಿಟಿಯಿಂದ ನಿಮ್ಮ ತಮ್ಮನ ಹೆಂಡತಿ ವಿದ್ಯಾವತಿಯ ನಮಸ್ಕಾರ. ಫೋನಿನಲ್ಲಿ ನೀವು ನನಗೆ ಮಾತಾಡಗೊಡುವುದಿಲ್ಲ. ನಮ್ಮ ಮಗಳು ನಿಧಿಯ ಮದುವೆಯ ಸುದ್ದಿ ತೆಗೆದರೆ ಸಾಕು, "ಎಲ್ಲಾ ದೇವರ ದಯಾ ಬಿಡವಾ" ಎಂದು ಮುಗಿಸಿಬಿಡುತ್ತೀರಿ. ಕಾಗದವನ್ನು ನಡುವೆ ತಡೆಯಲಾರಿರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿಧಿಯ ಅರಿಶಿನದ ಸಂಜೆಯನ್ನು ನಾನಿನ್ನೂ ಮರೆತಿಲ್ಲ. ಅವಳು ಕೂಸಾಗಿದ್ದಾಗ ನೀವು ನಮ್ಮ ಮನೆಯಲ್ಲೇ ಇದ್ದಿರಿ. ನಾನು ಡ್ಯೂಟಿಗೆ ಹೋದರೆ ತುತ್ತು ಮಾಡಿ ಉಣಿಸಿದ್ದು ನಿಮ್ಮ ಕೈ. ಅದೇ ಕೈ ಅರಿಶಿನದ ಬಟ್ಟಲಿಗೆ ಹೋದಾಗ ನಮ್ಮ ನೆರೆಮನೆಯ ಗಂಗವ್ವ ಬಟ್ಟಲನ್ನೇ ಸರಿಸಿದಳು. ಗಂಡ ತೀರಿದವರು ಮುಟ್ಟಬಾರದಂತೆ! ನಿಮ್ಮ ತಮ್ಮನೂ "ಅಕ್ಕಾ, ನೀ ಹಿಂದ ಕೂಡು" ಎಂದರು. ನೀವು ಹಿತ್ತಲ ಬಾಗಿಲಿಗೆ ಹೋಗಿ ನಿಂತಿರಿ.

ಅಲ್ಲೇ ಅಲ್ಲವೇ ನೋರಾ ಅಜ್ಜಿ ನಿಮ್ಮನ್ನು ಕಂಡದ್ದು? ಅಳಿಯನ ಅಜ್ಜಿ, ಐರ್ಲೆಂಡಿನಲ್ಲಿ ಹುಟ್ಟಿ ಆಸ್ಟಿನ್‌ನಲ್ಲಿ ನೆಲೆಸಿದವರು. ಮದುವೆಯ ಹಿಂದಿನ ದಿನ ಬಾಲ ಯೇಸುವಿನ ಮೂರ್ತಿಯನ್ನು ತೋಟದಲ್ಲಿಟ್ಟರೆ ಮರುದಿನ ಮಳೆ ಬರುವುದಿಲ್ಲ ಎಂಬುದು ಅವರ ಕಡೆಯ ನಂಬಿಕೆ. ನಮ್ಮ ಮಂಟಪವೋ ಹಿತ್ತಲಲ್ಲಿ, ಮಳೆಯೋ ವಾರದಿಂದ ಬಿಟ್ಟಿರಲಿಲ್ಲ. ಟವೆಲಿನಲ್ಲಿ ಸುತ್ತಿ ತಂದ ಮೂರ್ತಿಯನ್ನು ಗಿಡದ ಬುಡದಲ್ಲಿಡಿ ಎಂದು ನಿಮ್ಮ ಕೈಗೆ ಕೊಟ್ಟರು. ಒದ್ದೆ ಮೆಟ್ಟಿಲ ಮೇಲೆ ನಿಮ್ಮ ಕಾಲು ಜಾರಿತು. ಮೂರ್ತಿಯ ತಲೆ ಕಳಚಿ ಉರುಳಿತು.

ಅಯ್ಯೋ ಶಿವನೇ! ಭಿನ್ನವಾದ ಮೂರ್ತಿ, ಅದೂ ಬೀಗರ ದೇವರು! ನಿಮ್ಮ ತಮ್ಮ "ಅದಕ್ಕ ಹೇಳಿದ್ನಿ" ಎಂದು ಹಲ್ಲು ಕಚ್ಚಿದರು. "ನನ್ನ ಕೈಗುಣನ ಸರಿಯಿಲ್ಲ ತಮ್ಮಾ, ಅಲೆನ್ ಊರಿಗೆ, ನನ್ನ ಮಗ ಆನಂದನ ಮನಿಗೆ ಹೋಗಿಬಿಡ್ತೀನಿ" ಎಂದು ನೀವು ಬ್ಯಾಗ್ ತುಂಬತೊಡಗಿದಿರಿ. ನೀವಿಲ್ಲದ ಮಂಟಪಕ್ಕೆ ತಾನು ಬರುವುದಿಲ್ಲ ಎಂದು ನಿಧಿ ಅರಿಶಿನದ ಮೈಯಲ್ಲೇ ಬಾಗಿಲಿಗೆ ಅಡ್ಡ ಕೂತಳು.

ಆಗ ಬಂದರು ನೋಡಿ ನೋರಾ ಅಜ್ಜಿ, ಮುರಿದ ತಲೆ ಹಿಡಿದುಕೊಂಡು. ಬೈಯುತ್ತಾರೆಂದು ನಾನು ಕೈ ಮುಗಿದು ನಿಂತಿದ್ದೆ. ಅವರು ನಿಮ್ಮನ್ನು ತಬ್ಬಿಕೊಂಡು ಕುಣಿದೇಬಿಟ್ಟರು! ನಿಧಿ ತನ್ನ ಹರಕು ಮುರುಕು ಕನ್ನಡದಲ್ಲಿ ಕೂಗಿದಳು: "ಅತ್ತೀ, ತಲಿ ಮುರಿದ್ರ ಡಬಲ್ ಗುಡ್ ಲಕ್ ಅಂತ! ಬೇಕಂತ ಮುರೀಬಾರದು, ತಾನಾ ಮುರೀಬೇಕಂತ!" ಐದು ಮಕ್ಕಳ ಮದುವೆಗೆ ಹೊತ್ತು ತಿರುಗಿದರೂ ಆ ತಲೆ ಅಲುಗಿರಲಿಲ್ಲವಂತೆ. ಅಜ್ಜಿ ನಿಮ್ಮ ಎರಡೂ ಕೈಗಳಿಗೆ ಮುತ್ತಿಟ್ಟರು. ನೀವು ಪಿಳಿಪಿಳಿ ಕಣ್ಣು ಬಿಟ್ಟು ನನ್ನ ಮುಖ ನೋಡಿದಿರಿ.

ಮರುದಿನ ಬಿಸಿಲು ಬಿತ್ತು. ಅದು ಮೂರ್ತಿಯ ಮಹಿಮೆಯೋ, ಹ್ಯೂಸ್ಟನ್ ಹವೆಯ ಹುಚ್ಚಾಟವೋ, ನನಗೆ ಬೇಕಿಲ್ಲ. ಮುರಿದದ್ದು ಒಂದೇ ತಲೆ. ನಮ್ಮವರು ಅಪಶಕುನ ಎಂದರು, ಅವರು ಕುಣಿದರು. ಹಾಗಾದರೆ ಕೆಟ್ಟದ್ದು ಇದ್ದದ್ದು ನಮ್ಮ ಬಾಯಲ್ಲಿ ಅಕ್ಕಾ, ನಿಮ್ಮ ಕೈಯಲ್ಲಲ್ಲ. ನಿಮ್ಮ ತಮ್ಮನಿಗೂ ಅದು ನಾಟಿರಬೇಕು. ನಿಧಿಯ ಉಡಿ ತುಂಬುವಾಗ ಎಲ್ಲರೆದುರು ಎದ್ದು ನಿಂತು, "ಅಕ್ಕಾ, ಮೊದಲ ನೀನ ತುಂಬು" ಎಂದರು. ನೀವು ಬೊಗಸೆ ತುಂಬಿ ಸುರಿದ ಅಕ್ಕಿ ಹೊರಗೂ ಚೆಲ್ಲಿತು. ನಿಧಿ ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದಳು. ಗೆದ್ದೆವು ಅಕ್ಕಾ, ಗೆದ್ದೆವು! ನಾನು ನಾಚಿಕೆ ಬಿಟ್ಟು ಜೋರಾಗಿ ಅತ್ತುಬಿಟ್ಟೆ.

ಇನ್ನೊಂದು ಕೇಳಿ. ನಿನ್ನೆ ಹಿಲ್‌ಕ್ರಾಫ್ಟ್‌ನ ಸೀರೆ ಅಂಗಡಿಯಲ್ಲಿ ಗಂಗವ್ವ ಸಿಕ್ಕಿದ್ದಳು. ಅವಳ ಮಗಳಿಗೂ ಮದುವೆ ನಿಶ್ಚಯವಾಗಿದೆಯಂತೆ. "ನಿಮ್ಮ ಅಕ್ಕಾರ ಕೈಗುಣ ಭಾಳ ಛಲೋ ಐತಿ, ಉಡಿ ತುಂಬಾಕ ಕರಸ್ರಿ" ಎಂದಳು. ನಾನು ಬಿಡುತ್ತೇನೆಯೇ? "ಕೈಗುಣಕ್ಕಂತ ಕರೀಬ್ಯಾಡ್ರಿ. ಹಿರಿಯಾಕಿ ಅಂತ ಕರೀರಿ, ಬರ್ತಾರ" ಎಂದೆ. ಕರೆ ಬಂದರೆ ಹೋಗಿ ಅಕ್ಕಾ. ಹೋದಲ್ಲಿ ಯಾರು ಏನೇ ಅನ್ನಲಿ, ಮುಂದಿನ ಸಾಲಿನಲ್ಲೇ ಕೂಡಿ.

ನಿಮ್ಮ ಕೈ ಸದಾ ನಮ್ಮ ತಲೆಯ ಮೇಲಿರಲಿ.

ನಿಮ್ಮ ಮನೆಮಗಳಂತಿರುವ,
ವಿದ್ಯಾವತಿ