ಎಡಗೈಯಲ್ಲಿ ಮಗು

ಈನಿಡ್, ಒಕ್ಲಹೋಮಾ
ಆಗಸ್ಟ್ ೧೯

ಅಪ್ಪಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಮಗುವಿಗೆ ಚಿಕ್ಕದಾದ ಅಂಗಿಗಳ ಕೆಳಗೆ ಬಚ್ಚಿಟ್ಟಿದ್ದೇನೆ. ನಿನ್ನ ಅಳಿಯ ಕೋಲ್ಬಿ ಅಲ್ಲಿ ಕೈ ಹಾಕುವುದಿಲ್ಲ. ಇಷ್ಟು ದಿನ ನಿನ್ನ ಫೋನ್ ಎತ್ತದೇ ಇದ್ದದ್ದಕ್ಕೆ ನೆಪ ಹೇಳಲಾರೆ. "ನಿಮ್ಮಪ್ಪನ ದನಿ ಈ ಮನೇಲಿ ಕೇಳಿಸ್ಬಾರ್ದು" ಎಂದು ಅವನು ಹೇಳಿದ, ನಾನು ಹೂಂ ಅಂದೆ.

ನಿನ್ನ ಮೊಮ್ಮಗಳು ಹ್ಯಾಟಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ನನಗೇ ನಿದ್ದೆಯಿಲ್ಲ. ಅವಳು ಮಲಗಿದರೆ ಉಸಿರಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ, ಎದ್ದರೆ ಯಾಕೆ ಎದ್ದಳು ಎಂದು ಹೆದರುತ್ತೇನೆ. ಈಗ ಮಧ್ಯಾಹ್ನ, ಮಲಗಿದ್ದಾಳೆ. ಕೋಲ್ಬಿ ತನ್ನ ಅಣ್ಣನ ಜೊತೆ ಬೇಲಿ ಹಾಕುವ ಕೆಲಸಕ್ಕೆ ಹೋಗಿದ್ದಾನೆ. ಅವನು ಬೇಸ್‌ಬಾಲ್ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು ಎಂದು ಅಲ್ಲಿ ಯಾರಿಗೂ ಹೇಳಿಲ್ಲವಂತೆ.

ಬೆಳಗಿನ ಕಾಫಿಯ ಜೊತೆ ದೊಡ್ಡ ಲೀಗಿಗೆ ಏರಲು ಕಾಯುವ ಕೆಳಗಿನ ಲೀಗುಗಳ ಹುಡುಗರು ನಿನ್ನೆ ಹೇಗೆ ಆಡಿದರೆಂದು ನೋಡುವ ಚಟ ನಿನ್ನಿಂದಲೇ ಬಂದದ್ದು, ಇನ್ನೂ ಬಿಟ್ಟಿಲ್ಲ. ಇಂಟರ್‌ನೆಟ್ಟಿನಲ್ಲಿ ಅಭಿಮಾನಿಗಳ ಪುಟವನ್ನೂ ತೆರೆಯುತ್ತೇನೆ. 'ಮೂರನೇ ಬೇಸಿನ ಮುದುಕ' ಎಂಬ ಹೆಸರಿನಲ್ಲಿ ನೀನು ಜೂನ್‌ನಿಂದ ಒಂದು ಸಾಲೂ ಬರೆದಿಲ್ಲ. ಯಾರೋ ಕೇಳಿದ್ದಾನೆ: "ತಾತಾ, ಇದ್ದೀಯೇನಯ್ಯಾ ಇನ್ನೂ? ನಮ್ಮ ಹುಡುಗ್ರ ಸುದ್ದಿ ಇನ್ಯಾರು ಹೇಳ್ತಾರೆ?"

ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಬೇಸಿಗೆ ಎಂದರೆ ಅದೇ ಆಗಿತ್ತಲ್ಲ. ಶಾಲೆಯಿದ್ದರೆ ನೀನು ಓಡಿಸುವ ಬಸ್ಸು ನಿಲ್ಲಿಸಿ, ರಜೆಯಿದ್ದರೆ ಮನೆಯಿಂದಲೇ, ನೇರ ಮೈದಾನಕ್ಕೆ, ಮೂರನೇ ಬೇಸಿನ ಹಿಂದಿನ ಅದೇ ಕುರ್ಚಿಗೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಉಳಿಯಲು ತಂಡದವರು ಕಳಿಸುವ ಆಟಗಾರ, ವರ್ಷಕ್ಕೊಬ್ಬ. ನಿನ್ನ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬನಿಗೂ ಒಂದು ಪುಟ. ದೊಡ್ಡ ಲೀಗಿನಲ್ಲಿ ಒಂದೇ ಒಂದು ದಿನ ಆಡಿದವನ ಹೆಸರಿಗೂ ಕೆಂಪು ಸುತ್ತು; ಹಾಗೆ ಸುತ್ತು ಬಿದ್ದವರು ಮೂರೇ ಜನ. ಉಳಿದವರ ಪುಟದ ಕೊನೆಗೆ, ಅವರ ಆಟ ಯಾಕೆ ಮುಗಿಯಿತೆಂದು ಒಂದೇ ಮಾತು. ಮೊಣಕೈ. ವಯಸ್ಸು. ಕುಡಿತ. ಮನೆಯ ನೆನಪು.

ಕೋಲ್ಬಿ ಆ ಕೋಣೆಗೆ ಬಂದ ವಾರ ನೀನು, "ಇವ್ನಿಗೆ ಕೆಂಪು ಪೆನ್ನು ತೆಗ್ದಿಡು ಮಗಳೇ" ಎಂದೆ. "ಮೊದ್ಲು ತಿಂದ ತಟ್ಟೆ ತೊಳ್ಯೋದು ಕಲೀಲಿ" ಎಂದೆ ನಾನು. ಮರುವರ್ಷ ಅವನನ್ನೇ ಮದುವೆಯಾದೆ.

ಜೂನ್ ತಿಂಗಳ ಆ ಮಂಗಳವಾರ ನಿನಗೆ ಫೋನ್ ಮಾಡಿ ಎಲ್ಲ ಹೇಳಿದವಳು ನಾನೇ. ಅವನು ಹ್ಯಾಟಿಯನ್ನು ಎಡಗೈಯಲ್ಲಷ್ಟೇ ಎತ್ತುತ್ತಾನೆ, ಬೆಳಿಗ್ಗೆ ಅಂಗಿಯ ಗುಂಡಿ ನಾನು ಹಾಕಬೇಕು, ತಂಡದವರ ಮುಂದೆ ಮಾತ್ರ ನಗುತ್ತಾನೆ ಎಂದೆ. ಕಾಲೇಜಿನಲ್ಲಿ ಮೂಳೆ, ಮಾಂಸಖಂಡಗಳನ್ನು ಬಾಯಿಪಾಠ ಮಾಡಿದವಳು ನಾನು. ಆ ಕೈಗೆ ಏನಾಗುತ್ತಿದೆ ಎಂದು ಗೊತ್ತಿತ್ತು. ನೀನು ಕೇಳಿದ್ದು ಒಂದೇ: "ಎಷ್ಟು ದಿನದಿಂದ?" ಏಪ್ರಿಲ್‌ನಿಂದ ಎಂದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ.

ಬುಧವಾರ ಬೆಳಿಗ್ಗೆ ಅಭಿಮಾನಿಗಳ ಪುಟದಲ್ಲಿ ನಿನ್ನ ಸಾಲುಗಳು ಬಂದಿದ್ದವು: ಕೋಲ್ಬಿ ಮಗುವನ್ನು ಎಡಗೈಯಲ್ಲೇ ಎತ್ತುತ್ತಿದ್ದಾನೆ, ದಯವಿಟ್ಟು ಯಾರಾದರೂ ಅವನ ಬಲ ಮೊಣಕೈ ನೋಡಿ. ಮಧ್ಯಾಹ್ನದೊಳಗೆ ತಂಡದವರು ಓದಿದ್ದರು. ಗುರುವಾರ ಸ್ಕ್ಯಾನ್ ಆಯಿತು. ಮೊಣಕೈಯನ್ನು ಹಿಡಿದಿಡುವ ನಾರು ಅರ್ಧಕ್ಕಿಂತ ಹೆಚ್ಚು ಹರಿದಿತ್ತು. ಶುಕ್ರವಾರ ದೊಡ್ಡ ಲೀಗಿನ ತಂಡಕ್ಕೆ ಒಬ್ಬ ಎಸೆಗಾರ ಬೇಕಾಗಿತ್ತು, ಕೋಲ್ಬಿಯನ್ನೇ ಕಳಿಸುವುದೆಂದು ನಿಶ್ಚಯವಾಗಿತ್ತಂತೆ. ಬೇರೆಯವನನ್ನು ಕಳಿಸಿದರು. ಆಪರೇಷನ್ ಮಾಡಿಸಿದರೂ ಮತ್ತೆ ಎಸೆಯಲು ಒಂದೂವರೆ ವರ್ಷ ಬೇಕು, ಅಷ್ಟು ಹೊತ್ತಿಗೆ ಅವನಿಗೆ ಮೂವತ್ತು. "ಬೇರೆ ದಾರಿ ನೋಡ್ಕೋ ಮಗಾ" ಎಂದರಂತೆ ಮ್ಯಾನೇಜರು.

ಕೋಲ್ಬಿ ಆಟಗಾರರ ಕೋಣೆಯ ಬಟ್ಟೆಪೆಟ್ಟಿಗೆಯ ಮೇಲಿದ್ದ ತನ್ನ ಹೆಸರಿನ ಬಿಳಿ ಪಟ್ಟಿಯನ್ನು ಕಿತ್ತು ಅಂಗಿಗೆ ಅಂಟಿಸಿಕೊಂಡು ಬಂದ. ಹ್ಯಾಟಿ ಅದನ್ನು ಎಳೆದು ಬಾಯಿಗಿಟ್ಟಳು.

"ಒಂದೇ ಒಂದು ಆಟ ಬೆಥನಿ," ಎಂದ. "ಕೈ ಬಿದ್ದೇ ಹೋಗ್ಲಿ, ಒಂದು ಆಡಿ ಬರ್ತಿದ್ದೆ. ಅದೇನು ಅಂತ ಎಲ್ರಿಗಿಂತ ಚೆನ್ನಾಗಿ ನಿಮ್ಮಪ್ಪಂಗೆ ಗೊತ್ತಿತ್ತಲ್ಲೇ!"

ಆಮೇಲೆ ನಿನಗೆ ಫೋನ್ ಮಾಡಿ ಕೂಗಾಡಿದ. ನಿನ್ನ ದನಿ ನನಗೂ ಕೇಳಿಸುತ್ತಿತ್ತು. "ನಾನೇ ನೋಡಿದ್ದು ಕಣಪ್ಪಾ. ಊಟಕ್ಕೆ ಬಂದಿದ್ರಲ್ಲ, ಆವತ್ತು ಕಣ್ಣಿಗೆ ಬಿತ್ತು. ಅವ್ಳು ಏನೂ ಹೇಳ್ಲಿಲ್ಲ." ಆವತ್ತು ಹ್ಯಾಟಿ ಇಡೀ ಹೊತ್ತು ನಿನ್ನ ತೊಡೆಯ ಮೇಲೇ ಇದ್ದಳು ಅಪ್ಪಾ, ಕೋಲ್ಬಿ ಅವಳನ್ನು ಎತ್ತಲೇ ಇಲ್ಲ. ನೀನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಾನು ಬಟ್ಟೆ ಮಡಿಸುತ್ತಲೇ ಇದ್ದೆ.

ಹುಡುಗನ ಕೈ ಉಳಿಯಲಿ ಎಂದು ಬರೆದೆ, ಬರೆಯಬಾರದಿತ್ತು, ಕ್ಷಮಿಸು ಎಂದು ನೀನು ಕೇಳಿದ್ದೀಯ. ಅವನ ಪುಟದ ಕೊನೆಗೆ ಆ ಒಂದು ಮಾತು ಬರೆಯಲು ಕೈ ಬರುತ್ತಿಲ್ಲ ಎಂದೂ ಬರೆದಿದ್ದೀಯ. ನಿನ್ನನ್ನು ಕ್ಷಮಿಸುವುದಕ್ಕೆ ನಾನ್ಯಾರು?

ಹೋದ ಭಾನುವಾರ ಕೋಲ್ಬಿ ಹ್ಯಾಟಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದ. ಮೊದಲ ಸಲ. ಅವಳು ಕೇಕೆ ಹಾಕಿ ನಕ್ಕಳು. ಅವನೂ ನಕ್ಕ. ಆಮೇಲೆ ತನ್ನ ಬಲಗೈಯನ್ನೇ ನೋಡುತ್ತಾ ನಿಂತ, ಮಗುವನ್ನು ನನಗೆ ಕೊಟ್ಟು ಹೊರಗೆ ಹೋದ. ಬೆಳಿಗ್ಗೆ ಹೋದವನು ಊಟಕ್ಕೂ ಬರಲಿಲ್ಲ.

ಹ್ಯಾಟಿ ಅಲುಗಾಡುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈದಾನಕ್ಕೆ ಹೋಗುವುದನ್ನು ಬಿಡಬೇಡ.

ನಿನ್ನ ಮಗಳು
ಬೆಥನಿ

ಮರೆತದ್ದಲ್ಲ, ಸಹಿಯ ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನಿನಗೆ ಫೋನ್ ಮಾಡಿದ ಹಿಂದಿನ ದಿನ, ಸೋಮವಾರ, ಬಟ್ಟೆ ಒಗೆಯುವ ಕೋಣೆಯಲ್ಲಿ ಮ್ಯಾನೇಜರರ ಹೆಂಡತಿ ನನ್ನ ಕಿವಿಯಲ್ಲಿ, "ಶುಕ್ರವಾರಕ್ಕೆ ನಿನ್ ಗಂಡನ ಕೋಟು ಇಸ್ತ್ರಿ ಮಾಡ್ಸಿಡೇ, ನಾ ಹೇಳ್ದೆ ಅನ್ಬೇಡ" ಎಂದಿದ್ದರು. ಅಂದರೆ ದೊಡ್ಡ ತಂಡ ಅವನನ್ನು ಕರೆಯುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನಗೆ ಫೋನ್ ಮಾಡಿದೆ. ನೀನು ಬುಧವಾರ ಬರೆಯುತ್ತೀಯ ಎಂದೂ ಗೊತ್ತಿತ್ತು, ಒಬ್ಬ ಹುಡುಗನ ಕೈ ಹೋಗುವುದನ್ನು ನೋಡಿಕೊಂಡು ನೀನು ಸುಮ್ಮನಿರಲಾರೆ ಎಂದೂ. ಆ ಕೈಗಾಗಿ ಮಾಡಿದೆನೋ, ಆಟದ ಬೆನ್ನು ಹತ್ತಿ ಊರೂರು ಅಲೆಯುವುದು ಸಾಕಾಗಿ ಮಾಡಿದೆನೋ, ಇವತ್ತಿಗೂ ನನಗೆ ತಿಳಿಯದು. ಅವನಿಗೆ ಹೇಳಿಲ್ಲ. ನೋಟ್‌ಬುಕ್ಕಿನಲ್ಲಿ ಅವನ ಪುಟದ ಕೊನೆಯನ್ನು ಖಾಲಿ ಬಿಡಬೇಡ ಅಪ್ಪಾ. ಮೊಣಕೈ ಎಂದು ಬರೆಯಬೇಡ. ಬೆಥನಿ ಎಂದು ಬರೆ.