ಪರದೆಯ ಕೆಳಮೂಲೆ

ಸೆಪ್ಟೆಂಬರ್ 3, ಬುಧವಾರ

ಶಾಲೆಯ ಆಫೀಸ್ ಬಾಗಿಲು ತೆಗೆದೆ. ಕಂಪ್ಯೂಟರ್ ಹಾಕಿದೆ. ಬಂತು — 'ಹೊಸ ಆವೃತ್ತಿ ಸಿದ್ಧವಿದೆ. ಈಗಲೇ ಅಪ್‌ಡೇಟ್ ಮಾಡಲೇ?' ಈ ಬ್ರೌಸರಿಗೆ ಈಗ ನೂರ ನಲವತ್ತೋ ಎಷ್ಟೋ ನಡೆಯುತ್ತಿದೆ. ಮನುಷ್ಯರು ನೂರರ ಹತ್ತಿರ ಬಂದರೆ ಹಾಸಿಗೆ ಹಿಡಿಯುತ್ತಾರೆ, ಇದಕ್ಕೆ ದಿನಾ ಹೊಸ ಹುರುಪು. ಮೊದಲೆಲ್ಲ ಮೂರನೇ ಆವೃತ್ತಿ ಅಂದರೆ ಮೂರೇ. ನಾಲ್ಕು ಬರುವಷ್ಟರಲ್ಲಿ ಮೂರು ಕೈಗೆ ಒಗ್ಗಿರುತ್ತಿತ್ತು. ಈಗ ಒಗ್ಗುವ ಮೊದಲೇ ಬಟನ್ ಎದ್ದು ಬೇರೆ ಕಡೆ ಹೋಗಿ ಕೂತಿರುತ್ತದೆ.

'ಆಮೇಲೆ' ಒತ್ತಿದೆ. ಮಕ್ಕಳ ಹಾಜರಿ ಹಾಕುವಾಗ ಮತ್ತೆ ಬಂತು. ಮತ್ತೆ 'ಆಮೇಲೆ'. ಪ್ರಾಣ ತಿನ್ನುತ್ತದೆ.

ಸೆಪ್ಟೆಂಬರ್ 5

ಸಹನೆ ಮುಗಿಯಿತು. ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಬಿಳಿ ಟೇಪ್ ಕತ್ತರಿಸಿ ಪರದೆಯ ಬಲ ಕೆಳಮೂಲೆಗೆ, ಆ ಅಪ್‌ಡೇಟ್ ಏಳುವ ಜಾಗಕ್ಕೇ, ದಪ್ಪಗೆ ಮೆತ್ತಿದೆ. ತೊಂದರೆಯೇನಿಲ್ಲ. ಪೋಷಕರ ಮೆಸೇಜ್‌ಗಳು ಬರುವುದು ಮೇಲಿನ ಮೂಲೆಯಲ್ಲಿ.

ಆಯಾ ನೋಡಿ, "ಏನ್ ಮಿಸ್, ಕಂಪ್ಯೂಟರ್‌ಗೆ ಗಾಯ ಆಯ್ತಾ?" ಅಂದಳು.

"ಹೂಂ, ಬಾಯಿಗೆ" ಅಂದೆ. ಇಬ್ಬರೂ ನಕ್ಕೆವು.

ಮೈದುನನಿಗೆ ಹೇಳಿಲ್ಲ. ಶಾಲೆಯ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವನು ಅವನೇ, ಆ ಕೆಲಸ ಕೊಡಿಸಿದವಳು ನಾನೇ. ಹೇಳಿದರೆ ಉಪದೇಶ ಶುರು.

ಸೆಪ್ಟೆಂಬರ್ 9

ನಿದ್ದೆ ಬರುತ್ತಿಲ್ಲ. ಬರೆದರೆ ಬಂದೀತು.

ಒಂದನೇ ಕ್ಲಾಸಿನ ಎರಡು ಜಡೆಯ ಹುಡುಗಿ. ಅವಳ ಅಮ್ಮ ಮಧ್ಯಾಹ್ನವೇ ಮೆಸೇಜ್ ಕಳಿಸಿದ್ದರಂತೆ — ಮನೆಯಲ್ಲಿ ಯಾರೂ ಇಲ್ಲ, ಮಗುವನ್ನು ಬಸ್ ಹತ್ತಿಸಬೇಡಿ, ನಾನು ಬರುವವರೆಗೆ ಆಫೀಸಿನಲ್ಲಿ ಕೂರಿಸಿಕೊಳ್ಳಿ ಅಂತ. ನನಗೆ ಕಾಣಲೇ ಇಲ್ಲ. ಬಸ್ ಹತ್ತಿಸಿದವಳೂ ನಾನೇ, ಟಾಟಾ ಮಾಡಿದವಳೂ ನಾನೇ. ಸಂಜೆ ಅಮ್ಮ ಬಂದರೆ ಶಾಲೆಗೆ ಬೀಗ. ವಾಚ್‌ಮನ್ ಫೋನ್ ಮಾಡಿದ. ಆ ಅಮ್ಮನೂ ನಾನೂ ಅವರ ಮನೆಗೆ ಓಡಿದೆವು.

ಬೀಗ ಹಾಕಿದ ಮನೆಯ ಮೆಟ್ಟಿಲ ಮೇಲೆ, ಬ್ಯಾಗ್ ತಬ್ಬಿಕೊಂಡು ಕೂತಿದ್ದಳು. ಸ್ಕರ್ಟ್ ಒದ್ದೆ. ಅಳುತ್ತಲೂ ಇರಲಿಲ್ಲ. ಅಷ್ಟು ಹೊತ್ತು ಅತ್ತು ಮುಗಿದಿತ್ತೋ ಏನೋ.

ಸೆಪ್ಟೆಂಬರ್ 10

ಎಲ್ಲರಿಗಿಂತ ಮೊದಲು ಹೋಗಿ ಟೇಪ್ ಎತ್ತಿ ನೋಡಿದೆ. ನಾನು 'ಆಮೇಲೆ, ಆಮೇಲೆ' ಅನ್ನುತ್ತಿದ್ದರೂ ಅದು ತಾನಾಗಿಯೇ ಅಪ್‌ಡೇಟ್ ಆಗಿಬಿಟ್ಟಿದೆ. ಈಗ ಮೆಸೇಜ್‌ಗಳು ಏಳುವುದು ಕೆಳಮೂಲೆಯಲ್ಲಿ. ಆ ಅಮ್ಮನ ಮಾತು ಟೇಪಿನ ಅಡಿಯಲ್ಲಿ ಇನ್ನೂ ಹಾಗೇ ಇತ್ತು. ಟೇಪ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಕಳ್ಳಿಯ ಹಾಗೆ.

ಹೆಡ್‌ಮಿಸ್ ಕರೆದರು. "ಮೆಸೇಜ್ ಯಾಕೆ ನೋಡ್ಲಿಲ್ಲ?"

"ಅಪ್‌ಡೇಟ್ ಆಗಿತ್ತು ಮೇಡಂ... ಕಾಣಿಸ್ಲಿಲ್ಲ."

"ಅದನ್ನೆಲ್ಲ ನೋಡ್ಕೋಬೇಕಾಗಿದ್ದು ನಿಮ್ಮ ಮೈದುನ ಅಲ್ವಾ?"

ಹೌದೆನ್ನುವಂತೆ ತಲೆ ಆಡಿಸಿದೆ. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಅನ್ನುತ್ತಾರಲ್ಲ. ಮೇಕೆ ನಮ್ಮ ಮನೆಯದೇ.

ಮಧ್ಯಾಹ್ನ ಆ ಹುಡುಗಿ ಆಫೀಸಿಗೆ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದಳು. "ಮಿಸ್, ನನ್ ಸ್ಕರ್ಟ್ ಒದ್ದೆ ಆಗಿದ್ದು ಯಾರಿಗೂ ಹೇಳಿಲ್ಲ ಅಲ್ವಾ?"

"ಇಲ್ಲ ಪುಟ್ಟಾ" ಅಂದೆ. ಏನೂ ತಪ್ಪು ಮಾಡದ ಮಗು ನಾಚಿಕೆಯಿಂದ ಸಾಯುತ್ತಿದೆ. ನಾನು ಅವಳ ಜಡೆ ಸರಿಮಾಡುತ್ತ ಕೂತೆ. ಥೂ.

ಸೆಪ್ಟೆಂಬರ್ 15

ಬರೆಯಲು ಮುಖವಿರಲಿಲ್ಲ.

ಮೈದುನನ ಕೆಲಸ ತೆಗೆಯುತ್ತಾರಂತೆ. ಬೇರೆಯವರು ಬರುತ್ತಾರಂತೆ. ಅವನಿಗೆ ನೆಲೆಯಾದ ಕೆಲಸ ಅಂತ ಇರುವುದು ಇದೊಂದೇ. ಓರಗಿತ್ತಿಗೆ ಈಗ ಏಳು ತಿಂಗಳು.

ಇವತ್ತು ಕಂಪ್ಯೂಟರ್ ಪರೀಕ್ಷಿಸಲು ಬಂದಿದ್ದ. ಟೇಪ್ ಹೋಗಿದ್ದರೂ ಅದರ ಅಂಟು ಮೂಲೆಯಲ್ಲಿ ಉಳಿದಿತ್ತು. ಉಗುರಿನಿಂದ ಎಷ್ಟು ಕೆರೆದರೂ ಹೋಗಿರಲಿಲ್ಲ. ಯಾರೋ ಕರೆದರೆಂದು ಎದ್ದುಹೋಗಿ ಬಂದೆ. ನೋಡಿದರೆ ಮೂಲೆ ಫಳಫಳ. ಅವನು ಒದ್ದೆ ಬಟ್ಟೆ ಮಡಿಸಿ ಬ್ಯಾಗಿಗೆ ಹಾಕುತ್ತಿದ್ದ.  ನನ್ನ ಕಡೆ ನೋಡದೆ ಮುಂದಿನ ಕಂಪ್ಯೂಟರಿಗೆ ಹೋದ.

ಸಂಜೆ ಮನೆಗೆ ಬಂದ. ಊಟಕ್ಕೆ ಕೂತಾಗ ಇವರು ಶುರು ಮಾಡಿದರು. "ಒಂದ್ ಸ್ಕೂಲ್ ನೆಟ್ಟಗೆ ನೋಡ್ಕೊಳ್ಳಕ್ಕಾಗಲ್ವೇನೋ? ನಿಮ್ಮ ಅತ್ತಿಗೆ ಮರ್ಯಾದೆ ಕಳೆದ್ಯಲ್ಲೋ!"

"ಹೌದಣ್ಣ, ನಂದೇ ತಪ್ಪು. ಈ ವರ್ಷನ್‌ನಲ್ಲಿ ಹೀಗಾಗುತ್ತೆ ಅಂತ ಗೊತ್ತಿತ್ತು, ಹೇಳೋದು ಮರೆತೆ. ಅತ್ತಿಗೆಗೆ ಏನೂ ಅನ್ಬೇಡ."

ಮರೆತದ್ದೂ ಇಲ್ಲ, ಏನೂ ಇಲ್ಲ. ಎಲ್ಲ ಗೊತ್ತಿದ್ದೇ ಹೇಳಿದ. ನಾನು ಅವನ ತಟ್ಟೆಗೆ ಇನ್ನಷ್ಟು ಬಡಿಸಿದೆ. ಅಷ್ಟೇ ಮಾಡಿದ್ದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಬಿಡಬೇಕಾದ ಬಾಯನ್ನು ಭೂಮಿ ಯಾಕೆ ಬಿಡಬೇಕು?

ಸೆಪ್ಟೆಂಬರ್ 16, ಬೆಳಿಗ್ಗೆ, ಶಾಲೆಯಲ್ಲೇ

ಪಾಸ್‌ವರ್ಡ್‌ಗಳನ್ನು ಒಪ್ಪಿಸಿ ಹೋಗಲು ಬಂದಿದ್ದಾನೆ. ಹೆಡ್‌ಮಿಸ್ ರೂಮಿಗೆ ಗಾಜಿನ ಬಾಗಿಲು. ಮಾತು ಕೇಳುವುದಿಲ್ಲ, ಅವನು ತಲೆ ತಗ್ಗಿಸಿ ನಿಂತಿರುವುದು ಮಾತ್ರ ಕಾಣುತ್ತದೆ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಆ ಮಗುವಿನ ಅಮ್ಮ ಮುಖಕ್ಕೆ ಉಗಿಯುತ್ತಾರೆ. ಇವರು ಏನನ್ನುತ್ತಾರೋ... ಹೇಳದಿದ್ದರೆ ಮಾತ್ರ? ನಾಳೆ ಅವನ ಕೂಸನ್ನು ಯಾವ ಮುಖ ಹೊತ್ತು ಎತ್ತಿಕೊಳ್ಳಲಿ?

ಒಳಗೆ ಹೋದ ಮೇಲೆ ನಾಲಿಗೆ ಹೊರಳದಿದ್ದರೆ ಕಷ್ಟ. ಮೊದಲ ಮಾತು ಇಲ್ಲೇ ಬರೆದುಕೊಂಡು —

ಹೊರಗೆ ಬಂದ. ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಹೇಳಿದ: "ಬರ್ತೀನಿ ಅತ್ತಿಗೆ. ನಿಮಗೇನೂ ತೊಂದ್ರೆ ಆಗಲ್ಲ, ಹೇಳಿದೀನಿ." ಹೋಗುತ್ತಿದ್ದಾನೆ. ಗೇಟಿನವರೆಗೂ ಹೋಗಿಲ್ಲ ಇನ್ನೂ. ಕೂಗಿದರೆ ಕೇಳುತ್ತದೆ.

ಹೆಡ್‌ಮಿಸ್ ಬಾಗಿಲು ತೆರೆದೇ ಇದೆ.

ಮೇಡಂ, ಅವನದೇನೂ ತಪ್ಪಿಲ್ಲ. ಆ ಮೂಲೆಗೆ ಟೇಪ್ ಹಚ್ಚಿದ್ದು —