ನೆರಳು: ಇಲ್ಲ

ಸೌರಶಕ್ತಿ ಪ್ರೋತ್ಸಾಹ ಕಚೇರಿಯ ಮಾನ್ಯ ನಿರ್ದೇಶಕರೇ,

ತಮ್ಮ ಸೂರ್ಯ ನಮ್ಮ ಸೂರ್ಯನಿಗೆ ಅಡ್ಡ ನಿಂತಿದ್ದಾನೆ. ದಯವಿಟ್ಟು ಅವನನ್ನು ಕೆಳಗಿಳಿಸಿ.

ಒಗಟಿನಂತೆ ಕೇಳಿಸಿದರೆ ಬಿಡಿಸಿ ಹೇಳುತ್ತೇನೆ. ನನ್ನ ಅಕ್ಕ ನೋಟ್‌ಬುಕ್ ಬೈಂಡಿಂಗ್ ಮಾಡಿಸುತ್ತಾಳೆ. ಒಂದು ಉದ್ದನೆಯ ಕೋಣೆ, ಅಂಟಿನ ವಾಸನೆ, ಗೋಡೆಯುದ್ದಕ್ಕೂ ಹಾಳೆಯ ಕಟ್ಟುಗಳು, ಐದು ಜನ ಕೆಲಸದ ಹೆಂಗಸರು. ತಾರಸಿಯ ಮೇಲೆ ಹದಿನಾರು ಸೋಲಾರ್ ಪ್ಯಾನೆಲ್‌ಗಳಿವೆ. ದಕ್ಷಿಣಕ್ಕಿರುವ ಪಕ್ಕದ ಕಟ್ಟಡದ ನೆತ್ತಿಯ ಮೇಲೆ ಎರಡು ತಿಂಗಳ ಹಿಂದೆ ತಮ್ಮ ಕಚೇರಿ ಮೂವತ್ತಡಿ ಎತ್ತರದ ಹೋರ್ಡಿಂಗ್ ನಿಲ್ಲಿಸಿತು. ಅದರಲ್ಲಿ ಕಣ್ಣು ಮಿಟುಕಿಸುವ ದುಂಡು ಸೂರ್ಯ, ಎಲ್ಲ ಹಲ್ಲೂ ಕಾಣುವಂತೆ ನಗುವ ಒಂದು ಕುಟುಂಬ, ಕೆಳಗೆ ‘ಸೂರ್ಯನಲ್ಲಿ ಹೂಡಿ, ನಿಶ್ಚಿಂತೆಯಿಂದಿರಿ’ ಎಂಬ ಸಾಲು. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಆ ನಿಶ್ಚಿಂತೆಯ ನೆರಳು ನಮ್ಮ ಪ್ಯಾನೆಲ್‌ಗಳ ಮೇಲೆ ಬೀಳುತ್ತದೆ. ಹೂಡಿ ಎಂದವರೂ ತಾವೇ, ಹೂಡಿದವರ ಬಿಸಿಲಿಗೆ ಪರದೆ ಎಳೆದವರೂ ತಾವೇ. ಇಷ್ಟು ಸಮದೃಷ್ಟಿಯ ಕಚೇರಿ ಬೇರೆಲ್ಲಿ ಸಿಕ್ಕೀತು?

ನಾನು ಸೌರಶಕ್ತಿಯ ವಿರೋಧಿಯಲ್ಲ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ತಮ್ಮ ಕಚೇರಿ ಇನ್ನೊಂದು ಹೆಸರಿನಲ್ಲಿದ್ದಾಗ ಹಂಚಿದ ಸೋಲಾರ್ ಕುಕ್ಕರಿನ ಕರಪತ್ರವನ್ನು ತಿದ್ದಿದ್ದೂ ನಾನೇ. ಅಡುಗೆ ತಾನೇ ತಾನಾಗಿ ಆಗುತ್ತದೆ ಎಂದು ಅದರಲ್ಲಿ ಬರೆದಿತ್ತು. ನಾನು ‘ತಾನೇ’ ಎಂಬುದನ್ನು ಹೊಡೆದುಹಾಕಿ ‘ತಾನಾಗಿ’ಯನ್ನು ಉಳಿಸಿದೆ. ಎರಡನ್ನೂ ಹೊಡೆಯಬೇಕಿತ್ತು. ನಮ್ಮ ಮನೆಗೆ ಬಂದ ಕುಕ್ಕರಿನ ಆ ಕಪ್ಪು ಪೆಟ್ಟಿಗೆಯಲ್ಲಿ ನಮ್ಮಮ್ಮ ಔಷಧಿ ಇಟ್ಟುಕೊಂಡರು. ಅದರ ಕನ್ನಡಿಯಲ್ಲಿ ಅಪ್ಪ ಹನ್ನೆರಡು ವರ್ಷ ಗಡ್ಡ ಬೋಳಿಸಿಕೊಂಡರು.

ಇಷ್ಟೆಲ್ಲ ನೆನಪಿದ್ದೂ, ಮೂರು ವರ್ಷದ ಹಿಂದೆ ತಮ್ಮವರು ಹೊಸ ಕರಪತ್ರ ಹಿಡಿದು ಬಂದಾಗ ನಾನು ಮತ್ತೆ ನಂಬಿದೆ. ಬೆಳೆಯುತ್ತಿರುವ ಉದ್ಯಮ, ಸಣ್ಣವರಿಗೂ ಪಾಲು ಎಂದರು. ಅಕ್ಕನಿಗೆ ಮನಸ್ಸಿರಲಿಲ್ಲ. “ನಂಗೆ ಬಿಸಿಲು ಗೊತ್ತು ಕಣೋ, ಆಫೀಸು ಗೊತ್ತಿಲ್ಲ. ನೀನು ಗ್ಯಾರಂಟಿ ಅಂದ್ರೆ ಹಾಕ್ತೀನಿ,” ಎಂದಳು. ನಾನು ಗ್ಯಾರಂಟಿ ಎಂದೆ. ಅವಳು ಉಳಿಸಿಟ್ಟದ್ದನ್ನು ಹಾಕಿದಳು. ಅವಳನ್ನು ನೋಡಿ ಆ ಐವರೂ ಕೈಲಾದಷ್ಟು ಸೇರಿಸಿದರು. ಅರ್ಜಿ ತುಂಬಿದವನು ನಾನು. ಒಂಬತ್ತನೆಯ ಕಾಲಂನಲ್ಲಿ ‘ನೆರಳು’ ಎಂದಿತ್ತು. ‘ಇಲ್ಲ’ ಎಂದು ಬರೆದು ಕೆಳಗೊಂದು ಗೆರೆ ಎಳೆದೆ. ಅಂದು ಅದು ನಿಜವಾಗಿತ್ತು.

ತಮ್ಮದೊಂದು ಷರತ್ತಿತ್ತು. ಯಂತ್ರಗಳಿಗೆ ಬರುತ್ತಿದ್ದ ಹಳೆಯ ಕರೆಂಟ್ ಲೈನನ್ನು ಬಿಟ್ಟುಕೊಟ್ಟರೆ ಮಾತ್ರ ಸಹಾಯಧನ. ಬಿಟ್ಟುಕೊಟ್ಟೆವು. ದೀಪ, ಫ್ಯಾನುಗಳಿಗಷ್ಟೇ ಹಳೆಯ ಲೈನು ಉಳಿಯಿತು. ಹೊಲಿಗೆ ಯಂತ್ರವೂ ಕಟಿಂಗ್ ಮೆಷಿನ್ನೂ ಬಿಸಿಲಿನ ಪಾಲಾದವು. ನಿಜ ಹೇಳಬೇಕು, ಎರಡು ವರ್ಷಕ್ಕೂ ಮೀರಿ ಸೊಗಸಾಗಿ ನಡೆದವು. ಅಕ್ಕ ನನ್ನನ್ನು ಬೈಯುವುದನ್ನೇ ಬಿಟ್ಟಿದ್ದಳು.

ಹೋರ್ಡಿಂಗಿನ ನೆರಳು ಬೀಳುವುದು ಹದಿನಾರರಲ್ಲಿ ಮೂರು ಪ್ಯಾನೆಲ್‌ಗಳ ಮೇಲೆ ಮಾತ್ರ. ಉಳಿದ ಹದಿಮೂರು ಇವೆಯಲ್ಲ ಎಂದು ತಾವು ಕೇಳಬಹುದು. ನಮ್ಮಲ್ಲಿ ಅವನ್ನೆಲ್ಲ ಒಂದೇ ಸರಪಳಿಯಾಗಿ ಜೋಡಿಸಲಾಗಿದೆ. ಮೂರು ಸೊರಗಿದರೆ ಹದಿನಾರೂ ಸೊರಗುತ್ತವೆ. ಹಾಗೆ ಜೋಡಿಸಿದ್ದು ತಮ್ಮವರೇ. ಸಾಲದ್ದಕ್ಕೆ ಹೋರ್ಡಿಂಗಿನ ಒಂದು ಮೂಲೆ ಹರಿದು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತದೆ. ಅದು ಅತ್ತ ವಾಲಿದರೆ ಮೆಷಿನ್ ನಡೆಯುತ್ತದೆ, ಇತ್ತ ವಾಲಿದರೆ ನಿಲ್ಲುತ್ತದೆ. ಬ್ಲೇಡು ಹಾಳೆಯ ಕಟ್ಟಿನ ನಡುವೆ ಸಿಕ್ಕಿಕೊಂಡು ನಿಂತುಬಿಡುತ್ತದೆ.

ದೂರು ಕೊಟ್ಟೆವು. ತಮ್ಮ ಪರಿಶೀಲಕರು ಬಂದರು, ಸಂಜೆ ಐದೂಕಾಲಿಗೆ. ತಾರಸಿಯ ಮೇಲೆ ಒಂದು ಸುತ್ತು ಹಾಕಿ, ಎಲ್ಲಿದೆಯಮ್ಮಾ ನೆರಳು ಎಂದು ಕೇಳಿದರು. ಅದು ಬೆಳಿಗ್ಗೆ ಹತ್ತೂವರೆಗೆ ಬರುತ್ತದೆ ಎಂದು ಅಕ್ಕ ಹೇಳಿದಳು.

“ನಾನು ಬಂದಾಗ ಇರಬೇಕಲ್ಲಮ್ಮ. ಇಲ್ಲದ್ದನ್ನ ನಾನು ಹೇಗೆ ಬರೀಲಿ?”

“ನೆರಳಿಗೆ ನಿಮ್ಮ ಆಫೀಸ್ ಟೈಮ್ ಗೊತ್ತಿಲ್ಲ ಸಾರ್. ನಾಳೆ ಬೆಳಿಗ್ಗೆ ಒಂದ್ಸಲ ಬಂದುಬಿಡಿ.”

ಬೆಳಿಗ್ಗೆಯೆಲ್ಲ ಮೀಟಿಂಗ್ ಇರುತ್ತದಂತೆ. ನೀರು ಕುಡಿದು ಹೊರಟರು.

ಇನ್ನು ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಕಟಿಂಗ್ ಮೆಷಿನ್ ನಡೆಸುವಾಕೆಯನ್ನು ಎಲ್ಲರೂ ಕತ್ತರಿ ಚಿಕ್ಕಮ್ಮ ಎನ್ನುತ್ತಾರೆ. ಮೂವತ್ತೊಂದು ವರ್ಷದ ಕೆಲಸ. ಹೊಸಬರು ಯಾರೇ ಬರಲಿ, ಎರಡೂ ಕೈ ಎತ್ತಿ ತೋರಿಸಿ “ಹತ್ತಕ್ಕೆ ಹತ್ತು” ಎನ್ನುವುದು ಆಕೆಯ ಜಂಬ. ಬ್ಲೇಡು ಸಿಕ್ಕಿಕೊಂಡಾಗಲೆಲ್ಲ ಮೊದಲು ಸ್ವಿಚ್ ಆರಿಸಿ, ಆಮೇಲೆ ಕಟ್ಟನ್ನು ಬಿಡಿಸುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ ಹೀಗೆ ಮಾಡುವವರು ಇಪ್ಪತ್ತೊಂದನೆಯ ಸಲ ಮರೆಯುತ್ತಾರೆ. ಪರಿಶೀಲಕರು ಬಂದುಹೋದ ಆರನೆಯ ದಿನ, ಹನ್ನೊಂದೂವರೆಗೆ, ಆಕೆ ಮರೆತಳು. ಹರಿದ ಮೂಲೆ ಅತ್ತ ವಾಲಿತು. ಬಿಸಿಲು ಬಂತು.

ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿ ಆಕೆಯೇ ನನ್ನನ್ನು ಸಮಾಧಾನ ಮಾಡಬೇಕಾಯಿತು. “ಯಾಕೋ ಕಾಗುಣಿತ, ಅಳ್ತೀಯಾ? ಇನ್ಮೇಲೆ ಹತ್ತಕ್ಕೆ ಒಂಬತ್ತೂವರೆ ಅಂತೀನಿ ಬಿಡು.”

ಮರುದಿನ ತಮ್ಮ ಕಚೇರಿಯ ಉತ್ತರ ಬಂತು. ಅದರ ಒಂದೇ ವಾಕ್ಯವನ್ನು ಇಲ್ಲಿ ಇಡುತ್ತೇನೆ: ‘ಸದರಿ ಕಡತದ ಒಂಬತ್ತನೆಯ ಕಾಲಂನಲ್ಲಿ ಅರ್ಜಿದಾರರೇ ನೆರಳು ಇಲ್ಲವೆಂದು ನಮೂದಿಸಿದ್ದು, ಸ್ಥಳ ಪರಿಶೀಲನೆಯಲ್ಲಿಯೂ ಅದು ದೃಢಪಟ್ಟಿರುವುದರಿಂದ, ನೆರಳು ಇರುವುದಿಲ್ಲ.’ ವಾಕ್ಯದಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ನಾನು ಮೂರು ಸಲ ಹುಡುಕಿದೆ.

ನಿರ್ದೇಶಕರೇ, ಕಡತದಲ್ಲಿ ಇಲ್ಲದ ನೆರಳು ತಾರಸಿಯ ಮೇಲೆ ಇರಕೂಡದು ಎಂದು ತಾವು ಹೋರ್ಡಿಂಗಿಗೂ ಒಂದು ನೋಟಿಸು ಕಳಿಸಿದ್ದೀರಾ? ಹಳೆಯ ಲೈನು ಮರಳಿ ಬೇಕೆಂದರೆ, ಬಿಸಿಲು ಸಾಲದು ಎಂಬ ಪ್ರಮಾಣಪತ್ರ ತನ್ನಿ ಎನ್ನುತ್ತಾರೆ ವಿದ್ಯುತ್ ಕಚೇರಿಯವರು. ಆ ಪ್ರಮಾಣಪತ್ರ ಕೊಡಬೇಕಾದವರು ತಾವು. ನೆರಳೇ ಇಲ್ಲ ಎನ್ನುವ ತಾವು ಅದನ್ನು ಕೊಡುವುದಾದರೂ ಹೇಗೆ? ಇನ್ನೆರಡು ತಿಂಗಳು ಸೂರ್ಯ ದಕ್ಷಿಣಕ್ಕೆ ಸರಿಯುತ್ತಲೇ ಹೋಗುತ್ತಾನೆ. ಈಗ ಮೂರು ಪ್ಯಾನೆಲ್ ಮುಚ್ಚುವ ನೆರಳು ಆಗ ಎಂಟನ್ನು ಮುಚ್ಚುತ್ತದೆ. ನಾನು ದಿನವೂ ಗಂಟೆಗೊಂದರಂತೆ ತಾರಸಿಯ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದೇನೆ. ಗೆರೆಗಳು ಉತ್ತರಕ್ಕೆ ನಡೆಯುತ್ತಿವೆ.

ಅಕ್ಕ ಮೆಷಿನ್ನಿಗೆ ಬಟ್ಟೆ ಹೊದಿಸಿದ್ದಾಳೆ. ಬೈಯುತ್ತಿಲ್ಲ, ಅದೇ ನನಗೆ ಭಯ. “ಈ ತಿಂಗಳ ಕೊನೇವರೆಗೂ ನೋಡ್ತೀನಿ. ಆಮೇಲೆ ಮಾರ್ತೀನಿ. ಇನ್ನೊಬ್ಬರ ಬೆರಳು ನಂಗೆ ಬೇಡ,” ಎಂದಿದ್ದಾಳೆ. ಮೆಷಿನ್ ಹೋದರೆ ಕೋಣೆಗೆ ಬೀಗ. ಐದು ಹೆಂಗಸರು ಹೂಡಿದ್ದು ಸೂರ್ಯನಲ್ಲೂ ಅಲ್ಲ, ತಮ್ಮ ಕಚೇರಿಯಲ್ಲೂ ಅಲ್ಲ, ನನ್ನ ಒಂದು ಮಾತಿನಲ್ಲಿ.

ಆದ್ದರಿಂದ ನನ್ನ ಬೇಡಿಕೆ ಇದು. ತಿಂಗಳು ಮುಗಿಯುವುದರೊಳಗೆ ಹೋರ್ಡಿಂಗ್ ಇಳಿಸಿ, ಇಲ್ಲವೇ ಹಳೆಯ ಲೈನಿಗೆ ಪ್ರಮಾಣಪತ್ರ ಕೊಡಿ. ಅದಕ್ಕೂ ಮೊದಲು ಯಾವುದಾದರೂ ಒಂದು ದಿನ ಬೆಳಿಗ್ಗೆ ಹನ್ನೊಂದೂವರೆಗೆ ತಾವೇ ಬನ್ನಿ. ಸುಣ್ಣದ ಗೆರೆಯ ಮೇಲೆ ನಿಲ್ಲಲು ಜಾಗವಿದೆ. ಬರುವಾಗ ನಮ್ಮ ಕಡತವನ್ನೂ ತನ್ನಿ. ಒಂಬತ್ತನೆಯ ಕಾಲಂನಲ್ಲಿ ನನ್ನ ಕೈಬರಹದ ಎರಡಕ್ಷರವಿದೆ. ನಲವತ್ತು ವರ್ಷ ಊರವರ ತಪ್ಪು ತಿದ್ದಿದ್ದೇನೆ. ಅದೊಂದನ್ನು ನನ್ನ ಕೈಯಿಂದಲೇ ಹೊಡೆದುಹಾಕಲು ಬಿಡಿ. ಪೆನ್ನು ನಾನು ತರುತ್ತೇನೆ.

ಇಂತಿ,
ಅಕ್ಷರಶಃ ತಮ್ಮ ನೆರಳಿನಲ್ಲೇ ಬದುಕುತ್ತಿರುವ
ಒಬ್ಬ ನಿವೃತ್ತ ಕರಡು ತಿದ್ದುವವ
(ಬೈಂಡಿಂಗ್ ಕೋಣೆಯವರಿಗೆ ‘ಕಾಗುಣಿತ’)